ಅಗ್ಗದ ರೈಫಲ್, ಅವಧಿ ಮುಗಿದ ಸಿಲಿಂಡರ್

2023ರಲ್ಲಿ ನಾನು ಬಹರೈನಿನ ಒಂದು ಖಾಸಗಿ ಶೂಟಿಂಗ್ ಕ್ಲಬ್ಬಿನಲ್ಲಿ ಸಲಕರಣೆ ವಿಭಾಗದ ಮೇಲ್ವಿಚಾರಕಿಯಾಗಿದ್ದೆ. ಹೆಸರು ಕೇಳಿದರೆ ದೊಡ್ಡ ಹುದ್ದೆ ಅನ್ನಿಸಬಹುದು. ಕೆಲಸ ಇಷ್ಟೇ: ಸದಸ್ಯರಿಗೆ ಕ್ಲಬ್ಬಿನ ಗನ್ ಕೊಡುವುದು, ವಾಪಸ್ ಪಡೆಯುವುದು, ಒರೆಸಿ ಇಡುವುದು, ಗಾಳಿ ತುಂಬಿಸುವುದು. ಪಂದ್ಯದ ದಿನ ಪ್ರತಿಯೊಬ್ಬರ ಸಲಕರಣೆ ಪರೀಕ್ಷಿಸಿ ಸರಿ ಇದ್ದರೆ ಸ್ಟಿಕ್ಕರ್ ಅಂಟಿಸುವುದು. ಇದರ ಜೊತೆಗೆ ಸಂಬಳವಿಲ್ಲದ ಇನ್ನೊಂದು ಕೆಲಸವೂ ಇತ್ತು. ಹೊಸದಾಗಿ ಹುಚ್ಚು ಹಿಡಿಸಿಕೊಂಡು ಬಂದವರು 'ಕಡಿಮೆಯಲ್ಲಿ ಯಾವ ಗನ್ ತಗೊಳ್ಳಲಿ' ಅಂತ ಕೇಳುವುದು, ನಾನು ಉತ್ತರ ಹೇಳುವುದು. ಎಲ್ಲರೂ ತಲೆ ಆಡಿಸುತ್ತಿದ್ದರು. ಆಮೇಲೆ ತಮಗೆ ಬೇಕಾದ್ದನ್ನೇ ಮಾಡುತ್ತಿದ್ದರು.

ನಾನು ಮಂಗಳೂರಿನವಳು, ಹೆಸರು ಐರಿನ್. ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಹಿಡಿದದ್ದೇ ನನ್ನ ಬಂಡವಾಳ. ಮದುವೆಯಾಗಿ ಬಹರೈನಿನ ರಾಜಧಾನಿ ಮನಾಮಾಕ್ಕೆ ಬಂದ ಮೇಲೆ ಮೊದಲು ಕ್ಲಬ್ಬಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದೆ. ನನಗೆ ಗನ್ ಬಿಚ್ಚಿ ಜೋಡಿಸಲು ಬರುತ್ತದೆ ಅಂತ ಗೊತ್ತಾದ ಮೇಲೆ ಕೌಂಟರಿಗೆ ಹಾಕಿದರು. ನಿವೃತ್ತಿಯವರೆಗೂ ಅಲ್ಲಿಯೇ ಇದ್ದೆ.

ನಮ್ಮಲ್ಲಿ ಹೆಚ್ಚು ಜನ ಆಡುತ್ತಿದ್ದದ್ದು ಹತ್ತು ಮೀಟರ್ ಏರ್ ರೈಫಲ್. ನಾಲ್ಕೂವರೆ ಮಿಲಿಮೀಟರ್ ದಪ್ಪದ ಸೀಸದ ಪೆಲೆಟ್, ಹತ್ತು ಮೀಟರ್ ದೂರದ ಗುರಿ. ಆ ಗುರಿಯ ನಟ್ಟನಡುವಿನ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರಿನದು, ಪೆನ್ನಿನ ತುದಿ ಊರಿದಷ್ಟು. ಕೈಯಲ್ಲಿ ಕಾಸು ಕಡಿಮೆ ಇದ್ದವರಿಗೆ ನಾನು ಹೇಳುತ್ತಿದ್ದ ಕ್ರಮ ಯಾವಾಗಲೂ ಒಂದೇ. ಮೊದಲ ವರ್ಷ ಗನ್ ಕೊಳ್ಳಲೇ ಬೇಡಿ, ಕ್ಲಬ್ಬಿನದ್ದು ಉಂಟು. ಮೊದಲು ಶೂಟಿಂಗಿನ ಗಟ್ಟಿ ಜಾಕೆಟ್ ಮತ್ತು ಶೂ ತಗೊಳ್ಳಿ, ಬೆನ್ನು ನಿಲ್ಲುವುದು ಅದರಿಂದ. ಜಾಕೆಟ್ ಮೈಗೆ ಬಿಗಿಯಾಗಿರಬೇಕು. ಮುಂದೆ ತಮ್ಮನಿಗೂ ಆಗಲಿ ಅಂತ ಒಂದು ಸೈಜ್ ದೊಡ್ಡದು ತಂದರೆ ಅದು ರೇನ್‌ಕೋಟ್ ಅಷ್ಟೇ. ಆಮೇಲೆ ಮೂರ್ನಾಲ್ಕು ತರದ ಪೆಲೆಟ್ ತಂದು ಯಾವುದು ಹೊಂದುತ್ತದೆ ನೋಡಿ. ಗನ್ ಕಟ್ಟಕಡೆಗೆ. ಅದನ್ನೂ ಕಡಿಮೆಯಲ್ಲಿ ಕೊಳ್ಳುವುದಾದರೆ ಕೈಯಲ್ಲಿ ಲಿವರ್ ಎಳೆದು ಗಾಳಿ ಕೂಡಿಸುವ ಹಳೆಯ ಮಾದರಿ ಹುಡುಕಿ. ಪ್ರತಿ ಗುಂಡಿಗೂ ಒಮ್ಮೆ ಎಳೆಯಬೇಕು, ತೋಳು ಸ್ವಲ್ಪ ನೋಯುತ್ತದೆ, ಆದರೆ ಅದಕ್ಕೆ ಸಿಲಿಂಡರ್ ಇಲ್ಲ.

ಸಿಲಿಂಡರ್ ವಿಷಯ ಇಲ್ಲಿ ಬಿಡಿಸಿ ಹೇಳಬೇಕು. ಈಗಿನ ರೈಫಲ್‌ಗಳಲ್ಲಿ ನಳಿಗೆಯ ಕೆಳಗೆ ಒಂದು ಉದ್ದನೆಯ ಕೊಳವೆ ಇರುತ್ತದೆ. ಅದರಲ್ಲಿ ಇನ್ನೂರು ಬಾರ್ ಒತ್ತಡದ ಗಾಳಿ ತುಂಬಿರುತ್ತದೆ. ಕಾರಿನ ಟಯರಿನಲ್ಲಿ ಇರುವುದು ಎರಡೂವರೆ ಬಾರ್ ಆಸುಪಾಸು. ಈ ಕೊಳವೆಗೆ ತಯಾರಕರು ಕೊಡುವ ಆಯಸ್ಸು ಹತ್ತು ವರ್ಷ, ಹುಟ್ಟಿದ ವರ್ಷವನ್ನು ಅದರ ಮೈಮೇಲೆಯೇ ಕೊರೆದಿರುತ್ತಾರೆ. ಹತ್ತು ದಾಟಿದರೆ ಪಂದ್ಯಕ್ಕೆ ಬಿಡುವ ಹಾಗಿಲ್ಲ, ನಾವು ಗಾಳಿ ತುಂಬಿಸುವ ಹಾಗೂ ಇಲ್ಲ. ಹೊರಗಿಂದ ನೋಡಿದರೆ ಹೊಸದರಂತೆ ಫಳಫಳ ಅನ್ನುತ್ತಿರುತ್ತದೆ, ಅದೇ ತೊಂದರೆ.

ಸುಕುಮಾರ ಕುಂದಾಪುರದ ಕಡೆಯವನು. ನಲವತ್ತರ ಆಸುಪಾಸು. ಸಿತ್ರಾದ ಒಂದು ಕಾರ್ಖಾನೆಯಲ್ಲಿ ಕೆಲಸ, ಅದೂ ಎಂಥ ಕೆಲಸ ಅಂತೀರಿ, ಗ್ಯಾಸ್ ಸಿಲಿಂಡರುಗಳ ತಪಾಸಣೆ! ದಿನ ಬೆಳಗಾದರೆ ಸಿಲಿಂಡರ್ ಮೇಲಿನ ದಿನಾಂಕ ನೋಡುವುದು, ಸರಿ ಇದ್ದರೆ ಹಸಿರು ಟ್ಯಾಗ್, ಅವಧಿ ಮುಗಿದಿದ್ದರೆ ಕೆಂಪು ಟ್ಯಾಗ್. ಕಂಪನಿಯ ಪಿಕ್ನಿಕ್ಕಿಗೆ ಅಂತ ನಮ್ಮ ಕ್ಲಬ್ಬಿಗೆ ಬಂದವನು, ಮರುವಾರ ಒಬ್ಬನೇ ಬಂದ. ಆಮೇಲೆ ಶುಕ್ರವಾರ ತಪ್ಪಿಸಲಿಲ್ಲ. ಗುರಿ ಹಿಡಿದರೆ ಅವನಿಗೆ ಮೈಮರೆವು, ಉಸಿರು ಬಿಡುವ ಹದ ಯಾರೂ ಹೇಳಿಕೊಡದೆ ಬಂತು. ನನಗೆ ಅವನನ್ನು ಕಂಡರೆ ನಿಜವಾಗಿ ಖುಷಿ.

ಚಳಿಗಾಲ ಶುರುವಾಗುವ ಹೊತ್ತಿಗೆ ಅವನಿಗೆ ಗೊತ್ತಾಯಿತು, ಕಾಂಟ್ರಾಕ್ಟ್ ಮುಂದುವರಿಯುವುದಿಲ್ಲ, ಮಾರ್ಚಿನಲ್ಲಿ ಊರಿಗೆ. ಅವನ ಊರ ಹತ್ತಿರ ಎಲ್ಲಿಯೂ ಶೂಟಿಂಗ್ ರೇಂಜ್ ಇಲ್ಲ. ಜನವರಿಯಲ್ಲಿ ನಮ್ಮ ಕ್ಲಬ್ಬಿನ ಮುಕ್ತ ಪಂದ್ಯ. "ಐರಿನಕ್ಕ, ಬದುಕಿನಲ್ಲಿ ಒಂದು ಮ್ಯಾಚ್. ಅದನ್ನು ಸ್ವಂತ ಗನ್ನಿನಲ್ಲಿ ಆಡ್ಬೇಕು," ಅಂದ. ಆಡು ಮಾರಾಯ, ಬೇಡ ಅಂದವರು ಯಾರು? ಕಪಾಟಿನಲ್ಲಿ ಮಾರಾಟಕ್ಕಿದ್ದ ಲಿವರಿನ ರೈಫಲ್ ತೆಗೆದು ತೋರಿಸಿದೆ. ಸೀಲ್ ಹೊಸದು, ಟ್ರಿಗರ್ ಬೆಣ್ಣೆ. ಅವನು ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಕೊಟ್ಟ.

"ಇದು ಅಜ್ಜನ ಕಾಲದ್ದಲ್ವಾ ಅಕ್ಕ? ಫೋಟೋದಲ್ಲಿ ಎಂತ ಕಾಣ್ತದೆ ಇದು?"

ಫೋಟೋದಲ್ಲಿ! ಯೇ ದೇವಾ, ನಾನು ಅಲ್ಲಿ ಗುರಿಯ ಮಾತಾಡುತ್ತಿದ್ದೇನೆ, ಇವನಿಗೆ ಫೋಟೋ.

ಎರಡು ವಾರದೊಳಗೆ ಅವನೇ ಒಂದು ಗನ್ ಹುಡುಕಿದ. ಗಲ್ಫಿನಲ್ಲಿ ಒಂದು ಪದ್ಧತಿ ಉಂಟು. ವೀಸಾ ಮುಗಿಸಿ ಹೊರಟವರು ಸೋಫಾದಿಂದ ಹಿಡಿದು ಇಡ್ಲಿ ಕುಕ್ಕರಿನವರೆಗೆ ಎಲ್ಲ ಮಾರಿ ಹೋಗುತ್ತಾರೆ, ನಾವು ಕೊಂಡುಕೊಳ್ಳುತ್ತೇವೆ, ನಾವು ಹೊರಡುವಾಗ ಇನ್ನೊಬ್ಬರಿಗೆ ಮಾರುತ್ತೇವೆ. ಜುಫೈರಿನಲ್ಲಿದ್ದ ನಮ್ಮ ಸದಸ್ಯನೊಬ್ಬ, ಯುರೋಪಿನವನು, ಹಾಗೆಯೇ ಗಂಟುಮೂಟೆ ಕಟ್ಟುತ್ತಿದ್ದ. ಅವನ ಮ್ಯಾಚ್ ರೈಫಲ್ ಕೆಂಪು ಬಣ್ಣದ್ದು, ನೋಡಲು ಚೆಂದ. ಕೇಳಿದ ಬೆಲೆ ಹೊಸದರ ಕಾಲು ಭಾಗವೂ ಅಲ್ಲ. ನನ್ನನ್ನು ಒಂದು ಮಾತು ಕೇಳದೆ ಸುಕುಮಾರ ದುಡ್ಡು ಕೊಟ್ಟ. ಕಾಗದಪತ್ರವೆಲ್ಲ ಆಫೀಸಿನವರು ಮಾಡಿದರು. ಗನ್ ನನ್ನ ಕೌಂಟರಿಗೆ ಬಂದಾಗ ಮಾರಿದವನು ವಿಮಾನ ಹತ್ತಿ ಆಗಿತ್ತು. ನಮ್ಮ ನಿಯಮದಂತೆ ಯಾರ ಗನ್ನೂ ಮನೆಗೆ ಹೋಗುವಂತಿಲ್ಲ, ಕ್ಲಬ್ಬಿನ ಕಪಾಟಿನಲ್ಲೇ ಇರಬೇಕು.

ಗಾಳಿ ತುಂಬಿಸಲು ಸಿಲಿಂಡರ್ ಬಿಚ್ಚಿದೆ. ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಯಲ್ಲಿತ್ತು. ಕನ್ನಡಕ ಹಾಕಿ ಓದಿದೆ: 2012.

"ಸುಕುಮಾರ, ಇದರ ಕತೆ ಮುಗಿದು ಒಂದು ವರ್ಷ ಆಯ್ತು."

"ಒಂದೇ ವರ್ಷ ಅಲ್ವಾ ಅಕ್ಕ? ಎಂತ ಆಗುದಿಲ್ಲ."

"ನಿನ್ನ ಪ್ಲಾಂಟಿಗೆ ಇಂಥದ್ದು ಬಂದರೆ ಎಂತ ಮಾಡ್ತಿ ನೀನು?"

"ಕೆಂಪು ಟ್ಯಾಗ್ ಹಾಕಿ ಹೊರಗೆ ಇಡ್ತೇನೆ."

"ಮತ್ತೆ?"

"ಅದು ಕಂಪನಿದು. ಇದು ನಂದು."

ಬೇಕಾದರೆ ತಾನೇ ಪ್ಲಾಂಟಿನಲ್ಲಿ ನೀರು ತುಂಬಿಸಿ ಒತ್ತಡದ ಪರೀಕ್ಷೆ ಮಾಡುತ್ತೇನೆ ಅಂದ. ಅಲ್ಲಿನ ದಪ್ಪ ಉಕ್ಕಿನ ಸಿಲಿಂಡರುಗಳಿಗೆ ಹಾಗೆ ಪರೀಕ್ಷೆ ಮಾಡಿ ಆಯಸ್ಸು ಮುಂದುವರಿಸುವ ಕ್ರಮ ಉಂಟು, ಇದಕ್ಕಿಲ್ಲ, ಇದರ ಆಯಸ್ಸು ತಯಾರಕರು ಹೇಳಿದಷ್ಟೇ. ಅದನ್ನು ನನಗಿಂತ ಚೆನ್ನಾಗಿ ಬಲ್ಲವನು ಅವನು. ಹೊಸ ಸಿಲಿಂಡರ್ ತರಿಸಲು ವಿಚಾರಿಸಿ ಕೊಟ್ಟೆ. ಬೆಲೆ ಕೇಳಿ ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು, ಮೇಲಾಗಿ ಪಂದ್ಯದ ಒಳಗೆ ಬಂದು ಮುಟ್ಟುವ ಖಾತ್ರಿ ಇಲ್ಲ. ಲಿವರಿನ ರೈಫಲನ್ನು ಪಂದ್ಯದ ಮಟ್ಟಿಗೆ ಸುಮ್ಮನೆ ಕೊಡುತ್ತೇನೆ ಅಂದೆ. ಬೇಡವಂತೆ.

ಆಮೇಲೆ ಶುರುವಾಯಿತು ನೋಡಿ ಫೋನು. ಊರಿನವರ ಸಂಘದ ಹಿರಿಯರೊಬ್ಬರು, ಹಿಂದೆ ಸುಕುಮಾರನ ಜೊತೆ ರೂಮಿನಲ್ಲಿದ್ದ ಸ್ನೇಹಿತ, ಕೊನೆಗೆ ಇಗರ್ಜಿಯಲ್ಲಿ ಪೂಜೆ ಮುಗಿಸಿ ಹೊರಬಂದರೆ ಅಂಗಳದಲ್ಲೂ ಒಬ್ಬರು. ಎಲ್ಲರದ್ದೂ ಒಂದೇ ರಾಗ. "ನಮ್ಮ ಹುಡುಗ ಮಾರಾಯ್ತಿ, ಸ್ವಲ್ಪ ಎಡ್ಜಸ್ಟ್ ಮಾಡು." ಇನ್ನೂರು ಬಾರ್ ಗಾಳಿಯ ಹತ್ತಿರ ಎಡ್ಜಸ್ಟ್ ಮಾಡು ಅಂತ ನಾನು ಹೇಗೆ ಹೇಳಲಿ? ಕೋಪ ನೆತ್ತಿಗೇರಿತ್ತು. ನಮ್ಮ ಬಹರೈನಿ ಮ್ಯಾನೇಜರನ ಹತ್ತಿರ ಹೋಗಿ ಹೇಳಿದೆ. ಅವನು ಫೈಲಿನಿಂದ ತಲೆ ಎತ್ತದೆ, "ನೀನು ಬೇಡ ಅಂದ್ರೆ ಬೇಡ. ಖಲಾಸ್," ಅಂದ. ಆ ಇಡೀ ತಿಂಗಳಲ್ಲಿ ನನಗೆ ಸಮಾಧಾನ ಕೊಟ್ಟ ಮಾತು ಅದೊಂದೇ.

ಪಂದ್ಯಕ್ಕೆ ಕೆಲವು ದಿನ ಇರುವಾಗ ಸುಕುಮಾರ ಬಂದು ಸಿಲಿಂಡರ್ ಮಾತ್ರ ಕೇಳಿದ. "ಯಾರೋ ಬದಲಿ ಕೊಡ್ತೇನೆ ಅಂದಿದ್ದಾರೆ, ಅಳತೆ ನೋಡ್ಲಿಕ್ಕೆ," ಅಂದ. ಖಾಲಿ ಕೊಳವೆ, ಅವನದ್ದೇ ವಸ್ತು. ಬುದ್ಧಿ ಬಂತಲ್ಲ ಅಂತ ಸಂತೋಷದಿಂದಲೇ ಕೊಟ್ಟೆ.

ಪಂದ್ಯದ ಶುಕ್ರವಾರ ಬೆಳಿಗ್ಗೆ ಅವನು ಹೆಂಡತಿ ಶಶಿಕಲಾ ಮತ್ತು ಇಬ್ಬರು ಸಣ್ಣ ಮಕ್ಕಳನ್ನು ಕರೆದುಕೊಂಡು ಬಂದಿದ್ದ. ಮಕ್ಕಳಿಗೆ ಹೊಸ ಬಟ್ಟೆ. ಸಂಘದವರೂ ನೋಡಲು ಬಂದಿದ್ದರು. ಕಪಾಟಿನಿಂದ ರೈಫಲ್ ಪಡೆದು, ಸಿಲಿಂಡರ್ ಸಿಕ್ಕಿಸಿಕೊಂಡು, ನನ್ನ ತಪಾಸಣೆ ಮೇಜಿನ ಸಾಲಿನಲ್ಲಿ ನಿಂತ. ಅವನ ಸರದಿ ಬಂತು. ಗೇಜ್ ನೋಡಿದೆ. ಮುಳ್ಳು ಇನ್ನೂರರ ಮೇಲೆ ನಿಂತಿತ್ತು.

"ಬದಲಿ ಸಿಕ್ಕಿತಾ?"

"ಹೂಂ ಅಕ್ಕ, ಬೇರೆದು."

ಅವನು ನನ್ನ ಮುಖ ನೋಡಲಿಲ್ಲ. ಕೊಳವೆಯನ್ನು ಮೆಲ್ಲಗೆ ತಿರುಗಿಸಿದೆ. 2012. ನನಗೆ ಮೈಯೆಲ್ಲ ಉರಿದುಹೋಯಿತು. ಅವಧಿಯ ಸಿಟ್ಟು ಒಂದು, ಮುಖಕ್ಕೇ ಸುಳ್ಳು ಹೇಳಿದ ಸಿಟ್ಟು ಇನ್ನೊಂದು. ಯಾವನೋ ಪರಿಚಯದವನ ಹತ್ತಿರ, ದಿನಾಂಕ ನೋಡದೆ ತುಂಬಿಸಿಕೊಡುವ ಕಂಪ್ರೆಸರಿನಲ್ಲಿ ತುಂಬಿಸಿ ತಂದಿದ್ದ. "ಈ ಗನ್ ಒಳಗೆ ಹೋಗುವುದಿಲ್ಲ," ಅಂದೆ. ಸ್ಟಿಕ್ಕರಿನ ಹಾಳೆಯನ್ನು ಡ್ರಾಯರಿಗೆ ಹಾಕಿ ಮುಚ್ಚಿದೆ.

ಸಾಲು ನಿಂತಿತು. ಸಂಘದ ಹಿರಿಯರು ಮುಂದೆ ಬಂದು, "ಐರಿನ್ ಬಾಯಿ, ನಮ್ಮವರೇ ನಮ್ಮವರಿಗೆ ಹೀಗೆ ಮಾಡಿದ್ರೆ ಹೇಗೆ? ಮಕ್ಕಳು ನೋಡ್ಲಿಕ್ಕೆ ಬಂದಿದ್ದಾರೆ," ಅಂದರು. ನಾನು ಲಿವರಿನ ರೈಫಲ್ ತಂದು ಮೇಜಿನ ಮೇಲಿಟ್ಟೆ. "ತಗೋ, ಇದರಲ್ಲಿ ಆಡು. ನಿನ್ನ ಕೈಗೆ ಇದು ಧಾರಾಳ ಸಾಕು." ಸುಕುಮಾರ ಅದನ್ನು ಮುಟ್ಟಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. "ನಿಮಗೆ ಎಂತ ನಷ್ಟ ಆಗ್ತಿತ್ತು ಅಕ್ಕ, ಒಂದು ದಿನ ಬಿಟ್ಟಿದ್ರೆ?" ಅಂತ ಕೇಳಿದ. ಇನ್ನೊಂದು ಮ್ಯಾಚ್ ಅವನಿಗೆ ಸಿಗುವುದಿಲ್ಲ ಅಂತ ನನಗೆ ಗೊತ್ತಿತ್ತು.

ಆಗ ಶಶಿಕಲಾ ಮಕ್ಕಳ ಕೈ ಬಿಟ್ಟು ಮೇಜಿನ ಹತ್ತಿರ ಬಂದಳು. ಅದುವರೆಗೆ ಅವಳು ನನ್ನ ಹತ್ತಿರ ನಮಸ್ಕಾರಕ್ಕಿಂತ ಹೆಚ್ಚು ಮಾತಾಡಿದವಳಲ್ಲ.

"ಅಕ್ಕ, ಇದು ಒಡೆದ್ರೆ ಎಲ್ಲಿಗೆ ತಾಗುದು?"

ತೋರಿಸಿದೆ. ಎಡಗೈ ಹಿಡಿಯುವುದು ಇಲ್ಲಿ, ಕೆನ್ನೆ ಇರುವುದು ಇಲ್ಲಿ, ಪಕ್ಕದ ಲೇನಿನವರು ನಿಲ್ಲುವುದು ಇಷ್ಟು ದೂರದಲ್ಲಿ. ಒಡೆದೇ ಒಡೆಯುತ್ತದೆ ಅಂತ ನಾನು ಹೇಳುವುದಿಲ್ಲ ಅಂದೆ. ಒಡೆಯುವುದಿಲ್ಲ ಅಂತ ಹೇಳುವವರು ಯಾರೂ ಇಲ್ಲ, ಅಷ್ಟೇ.

"ಹಾಗಾದ್ರೆ ಮನೆಯಲ್ಲಿ ಇಟ್ಟದ್ದೂ ತಪ್ಪಾ?"

"ಮನೆಯಲ್ಲಿ ಎಲ್ಲಿ?"

"ಮಕ್ಕಳ ಮಂಚದ ಅಡಿಯಲ್ಲಿ. ಇವರು ತುಂಬಿಸಿ ತಂದು ಅಲ್ಲೇ ಇಟ್ಟದ್ದು. ನಮ್ಮದು ಒಂದೇ ರೂಮು ಅಲ್ವಾ ಅಕ್ಕ, ಬೇರೆ ಜಾಗ ಇಲ್ಲ. ಮೊನ್ನೆಯಿಂದ ಮಕ್ಕಳು ಅದರ ಮೇಲೆಯೇ ಮಲಗಿದ್ದು."

ಅವಳು ಇದನ್ನು ಮೆಲ್ಲಗೆ ಹೇಳಿದಳು. ಹಿರಿಯರಿಗೆ ಕೇಳಿಸಲಿಲ್ಲ. ಸುಕುಮಾರನಿಗೆ ಕೇಳಿಸಿತು. ಅವನು ಅಲ್ಲಿದ್ದ ಕುರ್ಚಿಯಲ್ಲಿ ಕುಸಿದು ಕೂತ. ಜಾಕೆಟ್ಟಿನ ಗುಂಡಿ ಒಂದೊಂದೇ ಬಿಚ್ಚಿದ.

ಸಿಲಿಂಡರ್ ಕಳಚಿ ರೇಂಜಿನ ಹಿಂಬದಿಗೆ ಒಯ್ದೆ. ಗಾಳಿ ಹೊರಬಿಡಲು ಒಂದು ಸಣ್ಣ ಸಾಧನ ಉಂಟು, ಅದನ್ನು ಸಿಕ್ಕಿಸಿ ನಿಧಾನಕ್ಕೆ ಬಿಡಬೇಕು. ಸುಕುಮಾರ ಹಿಂದೆಯೇ ಬಂದ. "ನಾನು ಬಿಡ್ಲಾ ಅಕ್ಕ?" ಅಂತ ಕೇಳಿದ. ಕೊಡಲಿಲ್ಲ. ಕುಕ್ಕರ್ ಕೂಗಿದ ಹಾಗೆ ಸದ್ದು ಮಾಡುತ್ತಾ ಗಾಳಿ ಹೋಗುವವರೆಗೆ ಅವನು ಗೋಡೆಗೆ ಒರಗಿ ನಿಂತಿದ್ದ. ಆ ದಿನ ಅವನು ಆಡಲಿಲ್ಲ. ಅವನ ಲೇನ್ ಕಡೆಯವರೆಗೂ ಖಾಲಿ ಇತ್ತು. ಲಿವರಿನ ರೈಫಲ್ ನಾನು ಮೇಜಿನ ಮೇಲೆಯೇ ಬಿಟ್ಟಿದ್ದೆ, ಸ್ಪರ್ಧಿಗಳನ್ನು ಕರೆಯುವುದು ಮುಗಿಯುವವರೆಗೆ. ಅವನು ಬರಲಿಲ್ಲ.

ಹೊರಡುವ ಮೊದಲು ಶಶಿಕಲಾ ನನ್ನನ್ನು ಬದಿಗೆ ಕರೆದಳು. "ಅಕ್ಕ, ಮಂಚದ ವಿಷಯ ಯಾರಿಗೂ ಹೇಳ್ಬೇಡಿ. ಸಿಲಿಂಡರ್ ಚೆಕ್ ಮಾಡುವವನೇ ಹೀಗೆ ಮಾಡಿದ ಅಂತ ಪ್ಲಾಂಟಿನವರಿಗೆ ಗೊತ್ತಾದ್ರೆ ಇರುವ ಎರಡು ತಿಂಗಳ ಕೆಲಸವೂ ಹೋಗ್ತದೆ." ಹೇಳುವುದಿಲ್ಲ ಅಂದೆ. ಅವರು ಊರಿಗೆ ಹೋಗಿ ನೆಲೆಯಾದ ಮೇಲೆ, ಹೆಸರು ಬದಲಿಸಿ, ಅವಳನ್ನು ಕೇಳಿಯೇ ಈಗ ಬರೆಯುತ್ತಿದ್ದೇನೆ.

ನಡುವಿನ ಆ ಕಾಲ ನನಗೆ ಸುಲಭ ಇರಲಿಲ್ಲ. ಸಂಘದ ಕಾರ್ಯಕ್ರಮಕ್ಕೆ ಹೋದರೆ ಪಕ್ಕದ ಕುರ್ಚಿ ಖಾಲಿ. 'ಭಾರೀ ಜೋರು ಹೆಂಗಸು, ನಮ್ಮವರ ಮೇಲೆಯೇ ರೂಲ್ಸು' ಅಂತ ಬೆನ್ನ ಹಿಂದೆ ಮಾತು. ನಾಲಗೆಯ ತುದಿಗೆ ಬಂದ ಉತ್ತರವನ್ನು ಎಷ್ಟು ಸಲ ನುಂಗಿದ್ದೇನೋ! ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ, ಸುಳ್ಳು ಯಾಕೆ ಹೇಳಲಿ.

ಕೌಂಟರಿನ ಕೆಲಸ ನನಗೆ ಕಲಿಸಿದ್ದು ಇದು. ಆಸೆಪಟ್ಟು ಕೊಳ್ಳುವವನಿಗೆ ಬೆಲೆ ಕಾಣುತ್ತದೆ, ಬಣ್ಣ ಕಾಣುತ್ತದೆ, ಇಸವಿ ಕಾಣುವುದಿಲ್ಲ. ಅದನ್ನು ನೋಡುವವರು ಕೌಂಟರಿನ ಈಚೆ ಒಬ್ಬರು ಬೇಕು. ಅವರು ಸರಿಯಾಗಿ ಕೆಲಸ ಮಾಡಿದರೆ ಏನೂ ಆಗುವುದಿಲ್ಲ, ಮತ್ತು ಏನೂ ಆಗದ್ದಕ್ಕೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ನಿವೃತ್ತಿಯಾದ ವಾರ ಮನಾಮಾದ ಸೂಕಿನಲ್ಲಿ, ಅಂದರೆ ಹಳೆಯ ಪೇಟೆಯಲ್ಲಿ, ಮೀನು ಆರಿಸುತ್ತಿದ್ದೆ. ಪರಿಚಯವಿಲ್ಲದ ಊರಿನ ಹೆಂಗಸೊಬ್ಬಳು ದಿಟ್ಟಿಸಿ ನೋಡಿ, "ಆ ಸುಕುಮಾರನಿಗೆ ಆಡ್ಲಿಕ್ಕೆ ಬಿಡದ್ದು ನೀವೇ ಅಲ್ವಾ?" ಅಂತ ಕೇಳಿದಳು.

"ಹೌದು, ನಾನೇ," ಅಂದೆ.