ಬಾವಿ ಕೆಟ್ಟ ಮೇಲಿನ ಪಾಠ

ಅಕ್ಕೋರು ಆಕಳಿಸುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿರಲಿಲ್ಲ, ಮಣಿಕಟ್ಟು ಹಿಡಿಯುತ್ತಿದ್ದರು. ಅಂಗೈ ಯಾವಾಗಲೂ ಮಣ್ಣಾಗಿರುತ್ತಿತ್ತು. ಸೀರೆಯ ಮೇಲೆ ತೊಟ್ಟ ಗಂಡಸರ ಉದ್ದ ತೋಳಿನ ಅಂಗಿ ಆ ಜಾಗದಲ್ಲಿ ಬಣ್ಣಗೆಟ್ಟು ನೂಲು ಬಿಟ್ಟುಕೊಂಡಿತ್ತು. ಮಕ್ಕಳಿಗೆ ಎರೆಹುಳ ತೋರಿಸುತ್ತಿರುವಾಗ ಆಕಳಿಕೆ ಬಂದರೆ ಅದು ಮುಗಿಯುವವರೆಗೆ ಸುಮ್ಮನಿದ್ದು, ಮಾತನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು. ಮಕ್ಕಳಲ್ಲಿ ನಾಲ್ಕಾರು ಜನ ತಾವೂ ಆಕಳಿಸುತ್ತಿದ್ದರು. ಅದಕ್ಕೆ ಯಾರೂ ನಗುತ್ತಿರಲಿಲ್ಲ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಇವರು ರಾಯಚೂರು ಕಡೆಯಿಂದ ಮದುವೆಯಾಗಿ ಹೈದರಾಬಾದಿಗೆ ಬಂದವರು, ಇಲ್ಲಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಗಂಡ ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವರು ಬದುಕಿದ್ದಾಗ ಪಟಾನ್‌ಚೆರು ದಾಟಿ ಒಳಗೆ ಹೋದರೆ ಸಿಗುವ ಊರಿನಲ್ಲಿ ತುಂಡು ಹೊಲ ಹಿಡಿದಿದ್ದರು. ಅವರು ತೀರಿಕೊಂಡ ಮೇಲೆ ಅಕ್ಕೋರು ಅಲ್ಲೇ ಒಂದು ಕೋಣೆ ಕಟ್ಟಿಸಿಕೊಂಡು, ಹೊಲವನ್ನೇ ಶಾಲೆ ಮಾಡಿಕೊಂಡರು. ಮೈಮೇಲಿದ್ದದ್ದು ಗಂಡನ ಕಾರ್ಖಾನೆಯ ಅಂಗಿ. ಶನಿವಾರ ಶಾಲೆಗಳ ಬಸ್ಸು ಬರುತ್ತಿತ್ತು, ಭಾನುವಾರ ದೊಡ್ಡವರ ತರಗತಿ. ಗೊಬ್ಬರ ಹೇಗೆ ಮಾಗಿಸುವುದು, ಬೀಜ ಹೇಗೆ ಉಳಿಸುವುದು, ನೆಲಕ್ಕೆ ಹೊದಿಕೆ ಹಾಕುವುದು ಯಾಕೆ, ವಿಷ ಹೊಡೆಯದೆ ಹುಳವನ್ನು ಹೇಗೆ ತಡೆಯುವುದು, ಇಷ್ಟೇ ಪಾಠ. ವರ್ಷವಿಡೀ ಇದೇ.

ನಾನು ಅಲ್ಲಿಗೆ ಹೋದದ್ದು ಕೃಷಿಯ ಮೇಲಿನ ಪ್ರೀತಿಯಿಂದಲ್ಲ. ನನಗೊಂದು ಶಸ್ತ್ರಚಿಕಿತ್ಸೆಯಾಗಿತ್ತು. ಗಾಯ ಮಾಗಿದರೂ ದಣಿವು ಬಿಟ್ಟಿರಲಿಲ್ಲ. ಸಿಕಂದರಾಬಾದಿನ ಕಚೇರಿಯಲ್ಲಿ ಕುರ್ಚಿಗೆ ಒರಗಿದರೆ ಏಳುವುದೇ ಬೇಡವೆನಿಸುತ್ತಿತ್ತು. ಬಿಸಿಲಿನಲ್ಲಿ ಓಡಾಡಿ ಎಂದು ವೈದ್ಯರು ಹೇಳಿದರು. ಈ ಭಾನುವಾರದ ತರಗತಿಯ ಸುದ್ದಿ ಹೇಳಿದವಳು ಸಹೋದ್ಯೋಗಿ. ದಿಲ್‌ಸುಖ್‌ನಗರದಿಂದ ಮೆಟ್ರೊ ಹಿಡಿದು ಕೊನೆಯ ನಿಲ್ದಾಣದವರೆಗೆ ಹೋಗಿ, ಅಲ್ಲಿಂದ ಬಸ್ಸು, ಬಸ್ಸಿನಿಂದ ಆಟೊ. ಮುಟ್ಟುವಷ್ಟರಲ್ಲಿ ನನಗೆ ಸಾಕಾಗಿತ್ತು. ಬೇವಿನ ಮರದ ಕೆಳಗೆ ಕೂತುಬಿಟ್ಟೆ. ಉಳಿದವರು ಸಲಿಕೆ ಹಿಡಿದು ಹೊರಟರು.

ಅಕ್ಕೋರು ನನ್ನ ಹತ್ತಿರ ಬಂದು ತೆಲುಗಿನಲ್ಲಿ ಏನಾಯಿತೆಂದು ಕೇಳಿದರು. ಉತ್ತರ ಕೊಡುವಾಗ ನನ್ನ ಬಾಯಿಂದ ಒಂದು ಕನ್ನಡದ ಮಾತು ಜಾರಿತು.

"ಯಾವೂರವ್ರು ನೀವು?" ಎಂದರು ತಕ್ಷಣ.

"ನಮ್ಮಪ್ಪಾರದು ಯಾದಗಿರಿ ಕಡೆ ರೀ. ನಾ ಇಲ್ಲೇ ಹುಟ್ಟಿ ಬೆಳದಾಕಿ."

"ದಣಿದೀರಿ. ಮಲಗ್ರಿ ಇಲ್ಲೇ. ಕಲಿಯೋದು ಮುಂದಿನ ವಾರ ಕಲಿತ್ರಾತು."

ಆ ದಿನ ನಾನು ನಿಜವಾಗಿಯೂ ಮಲಗಿದೆ. ಆಮೇಲೆ ಮತ್ತೆ ಮತ್ತೆ ಹೋದೆ. ಕೆಲವು ತಿಂಗಳಲ್ಲಿ ನಾನು 'ತಂಗಿ' ಆದೆ, ನನಗೆ ಅವರು 'ನೀ' ಎನ್ನತೊಡಗಿದರು. ಹೊಲದ ಕೆಲಸಕ್ಕೆ ಅದೇ ಊರಿನ ಯಾದಮ್ಮ ಇದ್ದಳು. ಅವಳ ತೆಲುಗು ನಾಲಿಗೆಯಲ್ಲಿ ಅಕ್ಕೋರು 'ಅಕ್ಕಾರು' ಆಗಿದ್ದರು.

ಅವರ ಪಾಠದಲ್ಲಿ ಉತ್ಸಾಹದ ಮಾತೇ ಇರುತ್ತಿರಲಿಲ್ಲ. ಅಪಾರ್ಟ್‌ಮೆಂಟಿನಿಂದ ಬಂದ ದಂಪತಿ ಬಾಲ್ಕನಿಯ ಟೊಮ್ಯಾಟೊ ಗಿಡಕ್ಕೆ ಎಷ್ಟು ದಿನಕ್ಕೊಮ್ಮೆ ಏನು ಹಾಕಬೇಕೆಂದು ಕೇಳಿದರೆ, "ದಿನಾ ಗಿಡದ ಮುಂದ ಸ್ವಲ್ಪ ಹೊತ್ತು ನಿಂದರ್ರಿ, ತಿಳೀತೈತಿ" ಎನ್ನುವ ಅರ್ಥದಲ್ಲಿ ಏನೋ ಹೇಳುತ್ತಿದ್ದರು. ಕೇಳಿದವರಿಗೆ ಅದು ಸಾಕಾಗುತ್ತಿರಲಿಲ್ಲ. ಮಕ್ಕಳು ಒಂದು ಸಸಿ ನೆಟ್ಟು, ಶಿಕ್ಷಕರು ಫೋಟೊ ತೆಗೆದು, ಬಸ್ಸು ಹೊರಟುಹೋದ ಮೇಲೆ ಅಕ್ಕೋರು ಒಬ್ಬರೇ ಬಗ್ಗಿ ಆ ಸಸಿಗಳನ್ನೆಲ್ಲ ಕಿತ್ತು ಮತ್ತೆ ಸರಿಯಾಗಿ ನೆಡುತ್ತಿದ್ದರು. ಒಮ್ಮೆ ನೋಡಲಾರದೆ ಕೇಳಿದೆ, "ನಿಮಗ ಬ್ಯಾಸರ ಆಗಂಗಿಲ್ಲೇನ್ರಿ?"

"ಭಾಳ ಆಗ್ತೈತಿ. ಸಾಲ್ಯಾಗಿದ್ದಾಗೂ ಆಗ್ತಿತ್ತು. ವರ್ಷಾ ಅದ ಪಾಠ." ಇನ್ನೊಂದು ಸಸಿಯ ಬುಡಕ್ಕೆ ಮಣ್ಣೊತ್ತಿ ಹೇಳಿದರು, "ನನಗ ಹಳೇದಾದ್ರ ಏನಾತು, ಕೇಳೋ ಹುಡುಗ್ರಿಗೆ ಹೊಸದಲ್ಲೇನು?"

ಒಂದು ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಬಾವಿಯ ನೀರಿನ ವಾಸನೆ ಬದಲಾಯಿತು. ಮೊದಲು ಗೊತ್ತಾದದ್ದು ಅಕ್ಕೋರಿಗೇ. ಬೆಳಗ್ಗೆ ಮುಖ ತೊಳೆಯಲು ನೀರು ಬೊಗಸೆಯಲ್ಲಿ ಹಿಡಿದವರು ಹಾಗೇ ಕೆಳಗೆ ಚೆಲ್ಲಿದರಂತೆ. ಆಮೇಲೆ ಪಾಲಕ್ ಎಲೆಗಳ ಅಂಚು ಸುಟ್ಟಂತಾಯಿತು. ಕಾಲುವೆಯಲ್ಲಿ ನೀರು ಬೀಳುವ ಜಾಗದಲ್ಲಿ ನೊರೆ ನಿಲ್ಲತೊಡಗಿತು. ಅವರು ನೀರು, ಮಣ್ಣು, ಸೊಪ್ಪು ಮೂರನ್ನೂ ನಗರದ ಪ್ರಯೋಗಾಲಯಕ್ಕೆ ಕಳುಹಿಸಿದರು. ಒಂದು ಶುಕ್ರವಾರ ಸಂಜೆ ಅಲ್ಲಿಂದ ಫೋನ್ ಬಂತು. ಮರುದಿನ ಶನಿವಾರಕ್ಕೆ ರಜೆ ಹಾಕಿದ್ದರಿಂದ ನಾನು ಕಚೇರಿ ಮುಗಿಸಿ ನೇರ ಹೊಲಕ್ಕೇ ಬಂದಿದ್ದೆ. ಫೋನ್ ಕೆಳಗಿಟ್ಟು ಅಕ್ಕೋರು ಹೊಸ್ತಿಲ ಮೇಲೆ ಕೂತರು.

"ಬಾವಿ ಹೋತು," ಎಂದರು. "ಕುಡಿಯಾಕೂ ಬ್ಯಾಡ, ಬೆಳಿಗೂ ಬ್ಯಾಡ ಅಂದ್ರು. ಸೊಪ್ಪು ತಿನ್ನಬ್ಯಾಡ್ರಿ ಅಂದ್ರು. ಮಣ್ಣು ಇನ್ನೂ ಕೆಟ್ಟಿಲ್ಲಂತ, ನೀರು ಬಿಡೋದು ನಿಂದರಿಸಿದ್ರ ಉಳೀತೈತಿ."

ಭಾನುವಾರ ಬರುವ ಮನೆಗಳವರು ತರಕಾರಿಯ ಬುಟ್ಟಿ ಒಯ್ಯುತ್ತಿದ್ದರು. ಹೊಲ ನಡೆಯುತ್ತಿದ್ದದ್ದು, ಯಾದಮ್ಮನ ಒಲೆ ಉರಿಯುತ್ತಿದ್ದದ್ದು ಅದರಿಂದ, ಮತ್ತೆ ಶಾಲೆಗಳ ಬಸ್ಸಿನಿಂದ. ಅಲ್ಲೇ ನಿಂತಿದ್ದ ಯಾದಮ್ಮ, ಸೊಪ್ಪಿಗೆ ಬದಲು ಹೂವು ಹಾಕೋಣ, ಯಾರಿಗೂ ಹೇಳುವುದು ಬೇಡ, ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

"ನಾಳೆ ಸಾಲಿ ಮಕ್ಕಳು ಬರೋದು ಬ್ಯಾಡ ಅಂತ ಫೋನ್ ಮಾಡ್ಲ್ಯಾ?" ಎಂದು ಕೇಳಿದೆ.

"ಯಾಕ?"

"ತೋರಿಸಾಕ ಏನೈತ್ರಿ ಈಗ?"

"ಬಾವಿ ಐತೆಲ್ಲ," ಎಂದರು ಅಕ್ಕೋರು.

ಮರುದಿನ ಬಸ್ಸು ಬಂತು. ಬಿಳಿ ಬೂಟಿನ ಮಕ್ಕಳು, ಜೊತೆಗೆ ಒಬ್ಬ ಎಳೆವಯಸ್ಸಿನ ಶಿಕ್ಷಕಿ. ಅಕ್ಕೋರು ಅವರನ್ನು ಮಡಿಗಳ ಕಡೆ ಕರೆದೊಯ್ಯದೆ ನೇರ ಬಾವಿಯ ಕಟ್ಟೆಯ ಸುತ್ತ ನಿಲ್ಲಿಸಿದರು. ಒಂದು ಕೊಡ ನೀರು ಸೇದಿ, ಕೈ ಹಾಕಬೇಡಿ ಎಂದು ಎಚ್ಚರಿಸಿ, ದೂರದಿಂದಲೇ ವಾಸನೆ ತೋರಿಸಿದರು. ಅವರು ಮಾತಾಡಿದ್ದು ತೆಲುಗಿನಲ್ಲಿ, ನನಗೆ ಅದು ನೆನಪಿರುವುದು ನಮ್ಮ ಮಾತಿನಲ್ಲಿ.

"ಈ ನೀರು ಕೆಟ್ಟೈತಿ. ಇದರಾಗ ಬೆಳೆದದ್ದು ತಿನ್ನೋ ಹಂಗಿಲ್ಲ. ಇವತ್ತು ನಿಮಗ ತಿನ್ನಾಕ ಏನೂ ಕೊಡಂಗಿಲ್ಲ."

ಎರಡು ಜಡೆಯ ಒಬ್ಬ ಹುಡುಗಿ ಕೇಳಿದಳು, "ಯಾರು ಕೆಡಿಸಿದ್ದು?"

"ಔಷಧ ಮಾಡೋ ಕಾರ್ಖಾನಿ ನೀರು ನೆಲದಾಗ ಇಳಿದು ಬಂದೈತಿ ಅಂತಾರ. ಯಾವ ಕಾರ್ಖಾನಿ ಅಂತ ನನಗ ಗೊತ್ತಿಲ್ಲ. ನಮ್ಮನಿ ಯಜಮಾನ್ರು ಅಂಥಾದೊಂದರಾಗ ದುಡಿದ್ರು. ಆ ಪಗಾರದಾಗ ನಾ ಉಂಡೀನಿ. ಈ ಅಂಗೀನೂ ಅಲ್ಲಿಂದ. ನಿನಗ ಜ್ವರ ಬಂದಾಗ ನುಂಗೋ ಗುಳಿಗೀನೂ ಅಂಥಲ್ಲೇ ಆಗೋದು."

ಹುಡುಗಿ ಯೋಚಿಸಿದಳು. "ಹಾಗಾದರೆ ಗುಳಿಗೆ ನುಂಗಬಾರದಾ?"

"ನುಂಗಬೇಕವ್ವಾ. ಜ್ವರ ಬಂದ್ರ ನುಂಗಬೇಕು. ಗುಳಿಗಿ ಮಾಡಿ ಉಳಿದ ನೀರು ಎಲ್ಲಿಗೆ ಹೋಗ್ತೈತಿ ಅಂತ ಕೇಳಬೇಕು. ನಾವು ಕೇಳಲಿಲ್ಲ. ನೀವರ ಕೇಳ್ರಿ."

ಶಿಕ್ಷಕಿ ಅಕ್ಕೋರನ್ನು ಪಕ್ಕಕ್ಕೆ ಕರೆದಳು. ಬೀಜ ಬಿತ್ತುವುದನ್ನು ತೋರಿಸುತ್ತೀರೆಂದು ಕರೆತಂದೆವು, ಹೀಗೆ ಹೆದರಿಸಿದರೆ ನಾಳೆ ತಂದೆತಾಯಿಗಳು ನಮ್ಮನ್ನು ಕೇಳುತ್ತಾರೆ, ಎಂದಳು. ಅವಳ ಮುಖ ಕೆಂಪಾಗಿತ್ತು. ಅಕ್ಕೋರು ಜಗಳಕ್ಕೆ ಹೋಗಲಿಲ್ಲ. "ಬಿತ್ತಿದ ಮ್ಯಾಲೆ ನೀರು ಹಾಕಬೇಕಲ್ರಿ ಮೇಡಂ," ಎಂದಷ್ಟೇ ಹೇಳಿದರು. ಬಸ್ಸು ಊಟದ ಹೊತ್ತಿಗಿಂತ ಮೊದಲೇ ಹಿಂದಿರುಗಿತು.

ಅದು ಹೋದ ಮೇಲೆ ನಾವು ಮೂವರೂ ಮಡಿಗಳಿಗಿಳಿದೆವು. ಪಾಲಕ್, ಮೆಂತ್ಯ, ಬದನೆ ಎಲ್ಲವನ್ನೂ ಕಿತ್ತೆವು. ಬದನೆಗಿಡಗಳು ಆಗಷ್ಟೇ ಹೂವು ಬಿಟ್ಟಿದ್ದವು. ಗೊಬ್ಬರದ ಗುಂಡಿಗೂ ಹಾಕಗೊಡಲಿಲ್ಲ ಅಕ್ಕೋರು, ಯಾದಮ್ಮನ ಎಮ್ಮೆಗಂತೂ ಬೇಡವೇ ಬೇಡ ಎಂದರು. ಭಾನುವಾರದ ಮನೆಗಳಿಗೆಲ್ಲ ತಾವೇ ಒಂದೊಂದಾಗಿ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹಿಂದಿನ ವಾರ ಒಯ್ದದ್ದು ಉಳಿದಿದ್ದರೆ ಚೆಲ್ಲಿಬಿಡಿ ಎಂದರು. ಕೆಲವರು ಬೈದರು. ಬೈಸಿಕೊಳ್ಳುವಾಗ ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. "ಹೌದ್ರಿ. ಖರೇ ಐತ್ರಿ," ಎನ್ನುತ್ತಿದ್ದರು.

ಶಾಲೆಗಳು ಬರುವುದನ್ನು ನಿಲ್ಲಿಸಿದವು. ಅಕ್ಕೋರು ದೂರು ಕೊಟ್ಟರು. ಅಧಿಕಾರಿಗಳು ಬಂದು ಬಾಟಲಿಯಲ್ಲಿ ನೀರು ಒಯ್ದರು. ಆಮೇಲೆ ಏನೂ ಆಗಲಿಲ್ಲ. ಕೇಳಿಕೊಂಡು ಅಲೆದೂ ಅಲೆದೂ ಅವರ ಕಾಲು ಬಾತುಕೊಂಡವು. ಹೊಲದ ಆಚೆ ಈಚೆ ಪ್ಲಾಟುಗಳಾಗುತ್ತಿದ್ದವು, ದಲ್ಲಾಳಿಯೊಬ್ಬ ಬಂದು ನೀರಿಲ್ಲದ ನೆಲದಲ್ಲಿ ನಿಮಗೇನು ಕೆಲಸ ಎಂದು ಕೇಳಿದ. ಅವನಿಗೂ ಚಹಾ ಕೊಟ್ಟು ಕಳುಹಿಸಿದರು. ಯಾದಮ್ಮ ಪಕ್ಕದ ಊರಿಗೆ ಕೂಲಿಗೆ ಹೋಗತೊಡಗಿದಳು, ಸಂಜೆ ಮಾತ್ರ ಬಂದು ಅಕ್ಕೋರ ಜೊತೆ ಕೂತು ಹೋಗುತ್ತಿದ್ದಳು.

ಅಕ್ಕೋರು ಬಾವಿಗೆ ಮುಚ್ಚಳ ಹಾಕಿಸಿದರು. ಕುಡಿಯುವ ನೀರನ್ನು ಊರಿನ ನಳದಿಂದ ಹೊತ್ತು ತಂದರು. ಇನ್ನು ಮಳೆಯಷ್ಟೇ ನಂಬಿಕೆ ಎಂದು, ಬೀಳುವ ನೀರು ಹೊಲದಲ್ಲೇ ಇಂಗುವ ಹಾಗೆ ಅಡ್ಡ ಬದುಗಳನ್ನು ಹಾಕಿಸಿದರು. ಮುಂದಿನ ಮಳೆಗಾಲ ಮುಗಿದಾಗ, ಆ ಕಪ್ಪು ನೆಲದ ಹಸಿಯಲ್ಲೇ ಬೆಳೆಯುವ ಹಿಂಗಾರಿ ಜೋಳ ಬಿತ್ತಿದರು. ಅವರ ಊರಿನ ಬೆಳೆ ಅದು. "ಇದಕ್ಕ ಬಾವಿ ಬ್ಯಾಡ, ಮಂಜು ಬಿದ್ರ ಸಾಕು," ಎಂದರು. ಜೋಳ ಬಂತು. ಅದನ್ನೂ ಪ್ರಯೋಗಾಲಯಕ್ಕೆ ಕಳುಹಿಸಿ, ತಿನ್ನಬಹುದು ಎಂದ ಮೇಲೆಯೇ ಮೊದಲ ರೊಟ್ಟಿ ಬಡಿದರು. ಅದನ್ನು ಯಾದಮ್ಮನ ಕೈಗೆ ಕೊಟ್ಟರು.

ಆ ವರ್ಷ ಬೇಸಿಗೆಯಲ್ಲಿ ಒಂದು ಭಾನುವಾರ ಆ ಶಿಕ್ಷಕಿ ಬಂದಳು, ಬಸ್ಸಿಳಿದು ಒಬ್ಬಳೇ ನಡೆದುಕೊಂಡು. ಎರಡು ಜಡೆಯ ಹುಡುಗಿ ತರಗತಿಯಲ್ಲಿ ಪ್ರತಿಯೊಂದಕ್ಕೂ ಉಳಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಾಳಂತೆ. ಪ್ರಯೋಗ ಮುಗಿದು ಸಿಂಕಿಗೆ ಚೆಲ್ಲಿದ ನೀರು ಎಲ್ಲಿಗೆ ಹೋಗುತ್ತದೆ ಎಂದಳಂತೆ. "ನನಗೂ ಗೊತ್ತಿರಲಿಲ್ಲ ಮೇಡಂ. ಹುಡುಕುತ್ತಾ ಹೋದೆ. ಒಂದು ಕೊಳಚೆ ನಾಲೆಯ ಹತ್ತಿರ ಹೋಗಿ ನಿಂತೆ. ಅಲ್ಲೂ ಅದೇ ವಾಸನೆ," ಎಂದಳು.

ಅಕ್ಕೋರು ಗೆದ್ದವರ ಹಾಗೆ ನೋಡಲಿಲ್ಲ. "ಬಿಸಲಾಗ ಬಂದೀರಿ, ಕೂಡ್ರಿ," ಎಂದು ಮಜ್ಜಿಗೆ ಕೊಟ್ಟರು.

ಅವಳ ಜೊತೆ ಮೊದಲು ಬೆರಳೆಣಿಕೆಯ ಮಕ್ಕಳು ಬಂದರು, ಆಮೇಲೆ ಬೇರೆ ಶಾಲೆಗಳವರು. ಪಾಠದ ಕ್ರಮ ಬದಲಾಗಿತ್ತು. ಮೊದಲು ಮುಚ್ಚಿದ ಬಾವಿ, ಆಮೇಲೆ ಬದುಗಳು, ಕೊನೆಗೆ ಜೋಳ. ಯಾದಮ್ಮ ಕೂಲಿ ಬಿಟ್ಟು ಮತ್ತೆ ಬಂದಳು. ಜನ ಮೊದಲಿನಷ್ಟಿರಲಿಲ್ಲ, ಬಂದವರು ಮಾತ್ರ ಬೇಗ ಹೊರಡುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ, ಜೋಳದ ತೆನೆ ಹಾಲು ತುಂಬಿ ಗಟ್ಟಿಯಾಗುತ್ತಿದ್ದ ಹೊತ್ತಿಗೆ, ಅಕ್ಕೋರು ಹೊಲದಲ್ಲೇ ಎದೆ ಹಿಡಿದುಕೊಂಡು ಕೂತರು. ಸಿಕಂದರಾಬಾದಿನ ಆಸ್ಪತ್ರೆಗೆ ಸೇರಿಸಿದೆವು. ಕಚೇರಿ ಬಿಟ್ಟ ಕೂಡಲೇ ನಾನು ಅಲ್ಲಿಗೆ ಹೋಗುತ್ತಿದ್ದೆ. ಕೈ ತೊಳೆದು ಶುಚಿಯಾಗಿ ಹಾಸಿಗೆಯ ಮೇಲೆ ಮಲಗಿದ್ದ ಅವರು ನನಗೆ ಬೇರೆ ಯಾರೋ ಎನಿಸುತ್ತಿದ್ದರು.

"ಸೀತನಿ ಆಗ್ಯಾವು," ಎಂದರು. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ತೆಗೆದ ಕಾಳಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. "ಶನಿವಾರ ಸರಕಾರಿ ಸಾಲಿ ಹುಡುಗ್ರು ಬರ್ತಾರ. ನೀ ಹೋಗು."

"ಅಷ್ಟರಾಗ ನೀವ ಬರ್ತೀರಲ್ರಿ."

"ನಾ ಮಲಗ್ತೀನಿ ತಂಗಿ. ನಿದ್ದಿ ಭಾಳ ಬಾಕಿ ಐತಿ ನಂದು."

ಅದು ನನ್ನ ಜೊತೆ ಅವರ ಕೊನೆಯ ಮಾತು. ಗುರುವಾರ ಬೆಳಗ್ಗೆ ಹೋದರು. ರಾಯಚೂರಿನಿಂದ ಅವರ ತಮ್ಮ ಬಂದು ಇಲ್ಲೇ ಮಣ್ಣು ಮಾಡಿದರು. ಅವರಿಗೆ ಮಕ್ಕಳಿರಲಿಲ್ಲ. ಶುಕ್ರವಾರ ಯಾದಮ್ಮ ಫೋನ್ ಮಾಡಿ, ನಾಳೆ ಬರುವ ಮಕ್ಕಳಿಗೆ ಏನು ಹೇಳಲಿ ಎಂದು ಕೇಳಿದಳು. ಬರಲಿ ಎಂದೆ. ಹೇಳಿದ ಮೇಲೆ ಸುಮಾರು ಹೊತ್ತು ಹಾಸಿಗೆಯಿಂದ ಏಳಲಾಗಲಿಲ್ಲ.

ಶನಿವಾರ ನಾನು, ಯಾದಮ್ಮ, ಆ ಶಿಕ್ಷಕಿ ಮೂವರೂ ಇದ್ದೆವು. ಮಕ್ಕಳಿಗೆ ಅಕ್ಕೋರು ಗೊತ್ತಿರಲಿಲ್ಲ, ಆದ್ದರಿಂದ ನಾವೂ ಏನೂ ಹೇಳಲಿಲ್ಲ. ಬಾವಿ ತೋರಿಸಿದೆವು, ಬದು ತೋರಿಸಿದೆವು. ಯಾದಮ್ಮ ಕೆಂಡ ಮಾಡಿ ತೆನೆ ಸುಟ್ಟಳು. ಬಿಸಿ ಕಾಳು ಅಂಗೈಯಿಂದ ಅಂಗೈಗೆ ಆಡಿಸುತ್ತಾ ಮಕ್ಕಳು ತಿಂದರು, ತುಟಿ ಕಪ್ಪಾಗುವಷ್ಟು ತಿಂದರು. ಯಾದಮ್ಮ ಹೊಗೆಯ ನೆಪದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊಲವನ್ನು ಏನು ಮಾಡುವುದೆಂದು ಅಕ್ಕೋರ ತಮ್ಮ ಇನ್ನೂ ತೀರ್ಮಾನಿಸಿಲ್ಲ. ಅಲ್ಲಿಯವರೆಗೆ ನಡೆಸಿಕೊಂಡು ಹೋಗಿ ಎಂದಿದ್ದಾರೆ. ಮಕ್ಕಳೂ ಈಗ ಭಾನುವಾರವೇ ಬರುತ್ತಾರೆ. ಒಂದು ವಾರ ಶಿಕ್ಷಕಿ, ಒಂದು ವಾರ ನಾನು. ವಾರವಿಡೀ ಕಚೇರಿ, ಭಾನುವಾರ ಮೆಟ್ರೊ, ಬಸ್ಸು, ಆಟೊ. ಹೋಗುವಾಗಲೂ ದಣಿದಿರುತ್ತೇನೆ, ಬರುವಾಗಲೂ ದಣಿದಿರುತ್ತೇನೆ. ಈ ದಣಿವು ಕಳೆದ ಮೇಲೆ ಬದುಕೋಣ ಎಂದು ಕಾಯುತ್ತಾ ಕೂತಿದ್ದವಳು ನಾನು. ಅದು ಕಳೆಯದಿದ್ದರೂ ಎದ್ದು ಹೋಗಿ ನಾಲ್ಕು ಮಕ್ಕಳ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಬಹುದೆಂದು ನನಗೆ ತೋರಿಸಿಕೊಟ್ಟವರು ಅಕ್ಕೋರೊಬ್ಬರೇ.