ತನಗೆ ತಾನೇ ಬರೆದುಕೊಂಡ ರಸೀದಿ

ದಿಲ್‌ಸುಖ್‌ನಗರದ ವಕೀಲ ಸಿದ್ದರಾಮಪ್ಪನವರಿಗೆ ವಾದ ಮಾಡಲು ಬರುತ್ತಿತ್ತು, ಫೀಸು ಕೇಳಲು ಬರುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಊರ ಕಡೆಯಿಂದ ಬಂದು ನೆಲೆಸಿದ ಕನ್ನಡಿಗರ ಕೇಸು ನಡೆಸಿದರು. ಗೆದ್ದವರು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟು, "ನೀವು ನಮ್ಮವರಲ್ರೀ" ಎಂದು ಕೈಮುಗಿದು ಹೋಗುತ್ತಿದ್ದರು. ರಸೀದಿ ಪುಸ್ತಕ ಕಪಾಟಿನಲ್ಲೇ ಹಳದಿಯಾಗಿತ್ತು. ತಮ್ಮ ಕೆಲಸಕ್ಕೂ ಒಂದು ಬೆಲೆಯಿದೆ ಎಂದು ಯಾರಾದರೂ ಒಮ್ಮೆ ಒಪ್ಪಬೇಕು, ಅದೊಂದೇ ಅವರ ಹಂಬಲ.

ಅದಕ್ಕೆ ದಾರಿ ಮಾಡಿಕೊಟ್ಟವನು ಕೋಠಿ ಪೇಟೆಯ ದರ್ಜಿ, ರಾಯಚೂರು ಕಡೆಯ ಅಮರಯ್ಯ. ವಕೀಲರ ಹೊಸ ಕರಿ ಕೋಟಿಗೆ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಹೊಲಿದು, ತಪ್ಪು ಕೋಟಿನದಲ್ಲ, ನಿಮ್ಮ ಕೈಯದು ಅಂದ. ಸಿದ್ದರಾಮಪ್ಪ ಗ್ರಾಹಕರ ನ್ಯಾಯಾಲಯಕ್ಕೆ ಹೋದರು. ವಕಾಲತ್ತಿನಲ್ಲಿ ಕಕ್ಷಿದಾರನ ಜಾಗದಲ್ಲೂ ಅವರದೇ ಸಹಿ, ವಕೀಲನ ಜಾಗದಲ್ಲೂ ಅವರದೇ ಸಹಿ. ಕೋಟಿನ ಬೆಲೆಯ ಜೊತೆಗೆ ವಕೀಲರ ಫೀಸನ್ನೂ ಕೇಳಿದರು. ಕಾಗದವಿಲ್ಲದೆ ಕೋರ್ಟು ನಂಬುವುದಿಲ್ಲವಲ್ಲ! ರಸೀದಿ ಪುಸ್ತಕದ ಧೂಳು ಕೊಡವಿ, 'ಸಿದ್ದರಾಮಪ್ಪನವರಿಂದ ಪೂರ್ತಿ ಫೀಸು ಸಂದಿದೆ' ಎಂದು ಬರೆದು ಸಹಿ ಹಾಕಿದರು.

"ಯಾರಿಗ್ರೀ ರಸೀದಿ?" ಹೆಂಡತಿ ಶಾರದಾಬಾಯಿ ಕೇಳಿದರು.

"ನನ್ನ ಕಕ್ಷಿದಾರಗ."

"ಅಂತೂ ಫೀಸು ಕೊಡೋ ಮನಿಶ್ಯಾ ಒಬ್ಬ ಸಿಕ್ಕನಲ್ಲ!"

ವಿಚಾರಣೆಯ ದಿನ ಅದೇ ಕೋಟು ತೊಟ್ಟು, ಎರಡೂ ಕೈ ಎತ್ತಿ ಮುಕ್ಕಾಲು ಗಂಟೆ ವಾದಿಸಿದರು. ಅಮರಯ್ಯನ ಬಾಯಿ ಕಟ್ಟಿಹೋಯಿತು. ಆಮೇಲೆ ನ್ಯಾಯಾಧೀಶೆ ರಸೀದಿ ಓದಿ, ಫೀಸು ಯಾರಿಗೆ ಸಂದಿದೆ ಎಂದು ತೆಲುಗಿನಲ್ಲಿ ಕೇಳಿದರು. ನನಗೇ ಎಂದರು ಸಿದ್ದರಾಮಪ್ಪ. ಪೂರ್ತಿ? ಪೂರ್ತಿ. ಹಾಗಾದರೆ ನಿಮ್ಮ ಹಣ ನಿಮಗೆ ಬಂದಾಯಿತಲ್ಲ, ಇನ್ನು ಯಾರು ಏನು ಕೊಡಬೇಕು ಎಂದರು ಆಕೆ. ಕೋರ್ಟು ಗೊಳ್ಳೆಂದಿತು. ಕೋಟಿನ ಬೆಲೆ ಮಂಜೂರಾಯಿತು, ಫೀಸು ವಜಾ ಆಯಿತು. ಗೆದ್ದ ವಕೀಲರು ಸೋತ ಮುಖ ಹೊತ್ತು ಮನೆಗೆ ಬಂದರು.

ಮೂರನೇ ದಿನ ಅಮರಯ್ಯ ಬಂದು ಕೋಟಿನ ಹಣ ಇಟ್ಟ. ಪಕ್ಕದಲ್ಲಿ ಇನ್ನೊಂದು ಲಕೋಟೆ ಇಟ್ಟ.

"ಇದೇನಪಾ?"

"ನಿಮ್ಮ ಫೀಸುರೀ. ಅಂಗಡಿ ಖಾಲಿ ಮಾಡಂತ ಮಾಲಕ ಕೇಸು ಹಾಕ್ಯಾನ. ನನ್ನ ಬಾಯಿ ಮುಚ್ಚಿಸಿದವರು ಅವನ ಬಾಯಿನೂ ಮುಚ್ಚಸ್ತೀರಿ. ನಿಮ್ಮಂಥ ವಕೀಲರು ಪುಕ್ಕಟೆ ಸಿಗ್ತಾರೇನ್ರೀ?"

"ಇರಲಿ ಬಿಡಪಾ, ನೀ ನಮ್ಮವನ..." ರೂಢಿಯ ಮಾತು ಬಾಯಿಂದ ಹೊರಟೇಬಿಟ್ಟಿತ್ತು. ಅಡುಗೆಮನೆಯಲ್ಲಿ ಶಾರದಾಬಾಯಿ ಲಟ್ಟಣಿಗೆ ಕುಟ್ಟಿದ ಸದ್ದು ಕೇಳಿತು.

ಸಿದ್ದರಾಮಪ್ಪ ಮಾತು ನುಂಗಿ ರಸೀದಿ ಪುಸ್ತಕ ತೆಗೆದರು. ಕೊಟ್ಟವರ ಜಾಗದಲ್ಲಿ ಅಮರಯ್ಯನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಬರೆದರು.