ಸರ್ದಾರನ ಕೈಗುಣ, ಶೇಂಗಾದ ಚುಕ್ಕಿ

ಮಾದನಹಿಪ್ಪರಗಾದಾಗ ಬೆಳೆಗೆ ಔಷಧ ಹೊಡಿಯಾಂವ ಅಂದ್ರ ಸರ್ದಾರ ಒಬ್ಬನೇ. ಬೆನ್ನಿಗೆ ಪಂಪು ಕಟ್ಟಿ ಶೇಂಗಾದ ಸಾಲಿಗಿಳಿದನೆಂದರ ಎಲಿಚುಕ್ಕಿ ರೋಗ ಓಡಿಹೋಗ್ತದ ಅಂತ ಊರೇ ನಂಬಿತ್ತು. "ಕೈಗುಣ ಅದರಿ ಅವಂದು," ಅಂತಿದ್ರು. ಆರು ವರ್ಷ ಎಲ್ಲಾರ ಹೊಲಕ್ಕೂ ಅದೇ ಒಂದು ಬಿಳಿ ಪುಡಿ ಹೊಡೆದ. ಕೈಗುಣ ಅಂದಮ್ಯಾಲ ಪುಡಿ ಯಾವುದಾದರೇನು?

ಎಂಬತ್ತೆಂಟರ ಶ್ರಾವಣದಾಗ ಗುರುಬಾಯಿಯ ನಾಲ್ಕು ಎಕರೆ ಶೇಂಗಾಕ್ಕ ಚುಕ್ಕಿ ಬಿತ್ತು. ಸರ್ದಾರ ಹೊಡೆದ, ನಿಲ್ಲಲಿಲ್ಲ. ಪುಡಿ ಡಬ್ಬಲ್ ಹಾಕಿ ಹೊಡೆದ, ಎಲಿ ಉದುರೋದು ಇನ್ನೂ ಹೆಚ್ಚಾತು. ಸರ್ದಾರನ ಕೈ ಸತ್ತದ ಅಂತ ಚಾದಂಗಡ್ಯಾಗ ಮಾತೆದ್ದಿತು, ಕೆಲಸಕ್ಕ ಕರೆಯೋರು ನಿಂತರು. ಅಯ್ಯೋ, ಅವನೂ ಅದನ್ನೇ ನಂಬಿಬಿಟ್ಟ!

"ಬ್ಯಾರೆ ಊರವರನ್ನ ಕರೀರಿ ಅಕ್ಕಾ. ಪಂಪು ಮಾರಾಕತ್ತೇನಿ," ಅಂದ.

ಗುರುಬಾಯಿ ಮೊದಲೇ ಸಿಡುಕಿನಾಕಿ. "ಹುಚ್ಚಪ್ಪಾ, ಕೈ ಸಾಯ್ತದೇನು? ಕೊಡಿಲ್ಲಿ!" ಅಂತ ಸೆರಗು ಬಿಗಿದು, ಅದೇ ಬಿಳಿ ಪುಡಿ ತಾನೇ ನಾಲ್ಕು ಸಾಲಿಗೆ ಹೊಡೆದಳು. ವಾರದ ಮ್ಯಾಲ ನೋಡಿದರ ಅಲ್ಲೂ ಚುಕ್ಕಿ.

"ಹಂಗಾದ್ರ ನನ್ನ ಕೈಯೂ ಸತ್ತದೇನೋ?" ಅಂದಾಕಿ ನೆಟ್ಟಗ ಹೋಗಿ ಬೆಳಿಗೆ ಸಲಹೆ ಕೊಡೋ ಗ್ರಾಮಸೇವಕ ಭೀಮಶಾನನ್ನ ಹೊಲಕ್ಕ ಕರಕೊಂಡು ಬಂದಳು.

ಭೀಮಶಾ ಎಲಿ ಹರಿದು ಬಿಸಿಲಿಗೆ ಹಿಡಿದು ನೋಡಿದ. "ಸರ್ದಾರಭಾಯ್, ವರ್ಷಾ ವರ್ಷಾ ಒಂದೇ ಔಷಧ ಹೊಡೆದಿರಿ. ಅದಕ್ಕ ಸಾಯೋ ರೋಗ ಸತ್ತು, ತಡಕೊಳ್ಳೋದು ಉಳಕೊಂಡು ಬೆಳೀತು. ಈಗ ಊರತುಂಬ ಅದೇ ಅದ. ಎಷ್ಟು ಹೆಚ್ಚು ಹಾಕಿದ್ರೂ ಬಗ್ಗೂದಿಲ್ಲ. ಬ್ಯಾರೆ ಜಾತಿ ಔಷಧ ಹೊಡೀರಿ, ಮುಂದ ಅದನ್ನೂ ಬದಲಿಸ್ಕೋತ ಇರ್ರಿ," ಅಂತ ಹಳದಿ ಪುಡಿಯ ಪೊಟ್ಟಣ ಕೊಟ್ಟ.

ಸರ್ದಾರ ಅದನ್ನ ಹೊಡೆದ. ಹದಿನೈದು ದಿನದ ಮ್ಯಾಲ ಹಳೇ ಎಲಿ ಹಂಗೇ ಇದ್ದವು. ಹೊಸ ಚಿಗುರಿನ ಮ್ಯಾಲ ಮಾತ್ರ ಒಂದೂ ಚುಕ್ಕಿ ಇಲ್ಲ! ಅಂವ ಸಾಲಿನಾಗೇ ಕುಂತು ಬಿಕ್ಕಿಬಿಕ್ಕಿ ಅತ್ತ.

"ಬೆಳಿ ಉಳೀತಲ್ಲೋ ತಮ್ಮಾ, ಈಗ್ಯಾಕ ಅಳಾಕತ್ತಿ?" ಅಂದಳು ಗುರುಬಾಯಿ.

"ಬೆಳೀಗಲ್ಲಕ್ಕಾ. ಮನ್ಯಾಗ ಒಂದು ತಿಂಗಳ ಕೂಸದರಿ. ಕೆಟ್ಟ ಕೈ ಅಂತ ಇನ್ನೂ ಮುಟ್ಟೇ ಇಲ್ರಿ ನಾ."

"ಎದ್ದೇಳಲೇ, ಸಾಬೂನು ಹಚ್ಚಿ ಕೈ ತೊಳಕೊಂಡು ಓಡು ಮನೀಗೆ!" ಅಂತ ಗದರಿಸಿದಳು. ಸರ್ದಾರ ಪಂಪು ಅಲ್ಲೇ ಬಿಟ್ಟು ಬಾವಿಯ ಕಡೆ ಓಡಿದ.